ಸಂತರ ಸಾಲಿನಲ್ಲಿ ನನ್ನ ತಮ್ಮ

ಹೈದರಾಬಾದಿನ ಆ ತುದಿಯಲ್ಲಿ, ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳು ಅವು. ಈ ತುದಿಯಲ್ಲಿ, ಬಾಲಾನಗರದ ನಮ್ಮ ಗಲ್ಲಿಯಲ್ಲಿ, ಆ ಗಾಜನ್ನು ಹಿಡಿದು ನಿಲ್ಲಿಸುವ ಅಲ್ಯುಮಿನಿಯಂ ಚೌಕಟ್ಟುಗಳನ್ನು ಕೊಯ್ಯುತ್ತಿದ್ದರು. ಅಪ್ಪ ಅಂಥದೊಂದು ಶೆಡ್ಡಿನಲ್ಲಿ ಮಷೀನಿನ ಮುಂದೆ ನಿಲ್ಲುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಬೆಳ್ಳಗೆ ಮಿನುಗುತ್ತಿದ್ದವು. ನಾವು ಹುಡುಗಿಯರು ಕುಂಟಾಬಿಲ್ಲೆ ಆಡಲು ಹೆಂಚಿನ ಚೂರು ಹುಡುಕುತ್ತಿರಲಿಲ್ಲ. ಶೆಡ್ಡಿನ ಹಿಂದೆ ಬಿದ್ದ ಅಲ್ಯುಮಿನಿಯಂ ತುಂಡು ಸಾಕಿತ್ತು. ಬಿಸಿಲಿಗೆ ಕಾದ ಆ ತುಂಡು ಬೆರಳು ಸುಡುತ್ತಿತ್ತು, ಎಸೆದರೆ ಗಲ್ಲಿಯ ಕಾಂಕ್ರೀಟಿನ ಮೇಲೆ ಕಿಣಿಕಿಣಿ ಅನ್ನುತ್ತ ಗೆರೆ ದಾಟಿ ಹೋಗುತ್ತಿತ್ತು. ದಾಟಿದರೆ ಔಟು. ನೀವೂ ನಿಮ್ಮ ಊರಿನಲ್ಲಿ ಯಾವುದೋ ಚೂರನ್ನು ಹೀಗೆ ಎಸೆದು ಔಟಾಗಿರುತ್ತೀರಿ.

ಇಷ್ಟು ಬರೆಯುವ ಹೊತ್ತಿಗೆ ಬಾಲ್ಯ ಸುಂದರವಾಗಿ ಕಾಣತೊಡಗುತ್ತದೆ. ಅದಕ್ಕೇ ಇಲ್ಲಿ ನಿಲ್ಲಿಸುತ್ತೇನೆ. ನಾನು ಹೇಳಹೊರಟಿದ್ದು ಒಂದು ತಪಸ್ಸುಕಾಲದ ವಿಷಯ. ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ವಾರಗಳಿಗೆ ನಾವು ಕಥೋಲಿಕರು ಹಾಗೆನ್ನುತ್ತೇವೆ. ಆ ವಾರಗಳಲ್ಲಿ, ಸತ್ತುಹೋದ ನನ್ನ ತಮ್ಮನ ಹೆಸರನ್ನು ಪ್ರಾರ್ಥನೆಯಲ್ಲಿ ಕೂಗಬಹುದೋ ಬಾರದೋ ಎಂದು ನಮ್ಮ ಮನೆ ಎರಡಾಯಿತು. ಕೂಗಬಹುದು ಎಂದು ಆಗ ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ನಮ್ಮದು ಮುದಗಲ್ಲಿನ ಕಡೆಯ ಮನೆತನ. ಅಲ್ಲಿ ನಮ್ಮವರು ಕಥೋಲಿಕರಾಗಿ ಎಷ್ಟು ತಲೆಮಾರಾಯಿತೋ ಯಾರಿಗೂ ನೆನಪಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಹೈದರಾಬಾದಿಗೆ ಬರುವಾಗ ಟ್ರಂಕಿನಲ್ಲಿ ಸಂತ ಅಂತೋಣಿಯವರ ಮತ್ತು ಮರಿಯಮ್ಮನವರ ಎರಡು ಮಣ್ಣಿನ ಸುರೂಪಗಳನ್ನು, ಅಂದರೆ ಪ್ರತಿಮೆಗಳನ್ನು, ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದಳು. ಅವ್ವ ಬೀದರ್ ಕಡೆಯ ಮೆಥಡಿಸ್ಟ್ ಮನೆಯ ಹುಡುಗಿ. ಅವಳ ತವರಿನಲ್ಲಿ ಸಂತರಿರಲಿಲ್ಲ, ಸುರೂಪಗಳೂ ಇರಲಿಲ್ಲ. ಗೋಡೆಯ ಮೇಲೆ ಒಂದು ವಚನದ ಕ್ಯಾಲೆಂಡರ್, ಮೂಲೆಯಲ್ಲಿ ಹಾರ್ಮೋನಿಯಂ, ಅಷ್ಟೇ. ಮದುವೆಯಾಗಿ ಬಂದ ಮೇಲೆ ಅವಳು ನಮ್ಮ ಜೊತೆ ಮಣಿ ಎಣಿಸುತ್ತ ಹೇಳುವ ಸಂಜೆಯ ಜಪಸರಕ್ಕೆ ಕೂರುತ್ತಿದ್ದಳು. ಆದರೆ ಕೊನೆಯಲ್ಲಿ ಆಯಿ ಸಂತರ ಹೆಸರುಗಳನ್ನು ಒಂದೊಂದಾಗಿ ಹೇಳುವಾಗ, ನಾವೆಲ್ಲ "ನಮಗಾಗಿ ಪ್ರಾರ್ಥಿಸಿರಿ" ಎಂದು ಮರುದನಿ ಕೊಡುವಾಗ, ಅವ್ವನ ಬಾಯಿ ಮುಚ್ಚಿರುತ್ತಿತ್ತು. ಆಯಿ ಅದನ್ನು ಎಂದೂ ಎತ್ತಿ ಆಡಲಿಲ್ಲ.

ತಮ್ಮ ಹುಟ್ಟಿದ್ದು ಆ ವರ್ಷದ ಚಳಿ ಮುಗಿಯುವ ಹೊತ್ತಿಗೆ, ಕೋಠಿ ಕಡೆಯ ಆಸ್ಪತ್ರೆಯಲ್ಲಿ. ದಿನ ತುಂಬುವ ಮುಂಚೆ ಹುಟ್ಟಿದ. ಕೂಸು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಆಯಿ ಪಾದ್ರಿ ಸ್ವಾಮಿಯವರನ್ನು ಕರೆಸಲು ಹೋಗಲಿಲ್ಲ. ಹೊತ್ತಿರಲಿಲ್ಲ. ಸಾಯುತ್ತಿರುವ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನೀರು ಮತ್ತು ಮನಸ್ಸು ಇದ್ದರೆ ಸಾಕು. ಇದು ನಮ್ಮಲ್ಲಿ ಮುದುಕಿಯರಿಗೆಲ್ಲ ಗೊತ್ತಿರುವ ವಿಷಯ. ನಳದಿಂದ ಸ್ಟೀಲಿನ ಲೋಟದಲ್ಲಿ ನೀರು ಹಿಡಿದು ತಂದು, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿದ್ದ ಹಣೆಯ ಮೇಲೆ ಸುರಿದು, ತನ್ನ ಗಂಡನ ಹೆಸರನ್ನೇ ಇಟ್ಟಳು: ಚಿನ್ನಪ್ಪ. ಲೋಟ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಎಂದು ಕೇಳಬೇಡಿ. ನಾನು ಆ ಕೋಣೆಯಲ್ಲಿರಲಿಲ್ಲ. ಆಯಿ ಹೇಳಿದ್ದನ್ನು ಇಷ್ಟು ಸಲ ಕೇಳಿದ್ದೇನೆಂದರೆ ನೀರು ಸುರಿದ ಸದ್ದೂ ನನ್ನದೇ ನೆನಪಾಗಿಬಿಟ್ಟಿದೆ.

ಅವನು ತೀರಿಕೊಂಡ ಮೊದಮೊದಲು ಅಪ್ಪ ಜಪಸರದ ಕೊನೆಗೆ ಅವನಿಗಾಗಿ ಪ್ರಾರ್ಥಿಸುತ್ತಿದ್ದ. ಸತ್ತವರಿಗೆ ನಿತ್ಯ ವಿಶ್ರಾಂತಿ ಕೊಡು ಎಂದು ಬೇಡುವ ಪ್ರಾರ್ಥನೆ. ದೊಡ್ಡವರು ಸತ್ತರೆ ಅದನ್ನು ಹೇಳಲೇಬೇಕು. ಅವರ ಪಾಪಗಳ ಕೊಳೆ ಇನ್ನೂ ತೊಳೆಯುವುದಿರುತ್ತದೆ ಎಂದು ನಮ್ಮ ನಂಬಿಕೆ. ಒಂದು ಸಂಜೆ ಆಯಿ ಅಪ್ಪನನ್ನು ಅರ್ಧಕ್ಕೇ ತಡೆದಳು.

"ಏನ್ ಮಾಡಾಕತ್ತೀಯೋ? ಆ ಕೂಸು ಯಾವ ಪಾಪ ಮಾಡೈತಿ? ಅವನ ಸಲುವಾಗಿ ನೀ ಬೇಡಾದಲ್ಲ, ನಿನ್ನ ಸಲುವಾಗಿ ಅವ ಬೇಡಬೇಕು."

ಮರುದಿನದಿಂದ ತಮ್ಮ ಸತ್ತವರ ಸಾಲು ಬಿಟ್ಟು ಸಂತರ ಸಾಲಿಗೆ ಬಂದ. ಸಂತ ಜೋಸೆಫರು, ಸಂತ ಅಂತೋಣಿಯವರು, ಸಂತ ಸೆಬಾಸ್ತಿಯಾನರು, ನನಗೆ ಅನ್ನಿ ಎಂಬ ಹೆಸರು ಕೊಟ್ಟ ಸಂತ ಅನ್ನಮ್ಮನವರು, ಅವರೆಲ್ಲ ಆದ ಮೇಲೆ ಕೊನೆಯಲ್ಲಿ ಆಯಿ: "ಪುಟ್ಟ ಚಿನ್ನಪ್ಪನೇ." ಅಪ್ಪ, ನಾನು: "ನಮಗಾಗಿ ಪ್ರಾರ್ಥಿಸು." ಅವ್ವ ಗೋಡೆ ನೋಡುತ್ತಿದ್ದಳು.

ನನಗೆ ಆಗ ಒಂಬತ್ತೋ ಹತ್ತೋ. ಸ್ವರ್ಗದಲ್ಲಿ ನಮ್ಮ ಮನೆಯದೇ ಒಂದು ಆಳು ಇದ್ದ ಹಾಗಾಯಿತು. ಬಿಲ್ಲೆ ಗೆರೆಯೊಳಗೆ ಬೀಳಲಿ ಎಂದು ಅವನಿಗೆ ಹೇಳುತ್ತಿದ್ದೆ. ನೀರಿನ ಟ್ಯಾಂಕರ್ ಬೇಗ ಬರಲಿ, ಮಗ್ಗಿಗಳನ್ನು ಟೀಚರ್ ಕೇಳದಿರಲಿ ಎಂದೂ ಹೇಳುತ್ತಿದ್ದೆ. ದೊಡ್ಡ ಸಂತರಿಗೆ ಹೇಳಲು ನಾಚಿಕೆಯಾಗುವ ಕೆಲಸಗಳೆಲ್ಲ ಅವನ ಪಾಲಿಗೆ. ಆಗದಿದ್ದರೆ ಬೈಯುತ್ತಲೂ ಇದ್ದೆ. ಅವನನ್ನು ನಾನು ನೋಡಿಯೇ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ವ್ಯವಹಾರ ಇದೊಂದೇ.

ಅವ್ವ ಮಾತು ಬಿಟ್ಟಿದ್ದಳು. ಕೆಲಸ ಮಾಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ತನ್ನ ತಟ್ಟೆಗೆ ಹಾಕಿಕೊಂಡದ್ದನ್ನು ಮಾತ್ರ ಹಾಗೇ ಮುಚ್ಚಿಡುತ್ತಿದ್ದಳು. ತಾರ್ನಾಕದಿಂದ ಅವಳ ಅಕ್ಕ, ಶಾಂತಾ ದೊಡ್ಡವ್ವ, ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮನೆಯಲ್ಲೇ ಬ್ಲೌಸು ಹೊಲಿದು ಬದುಕುತ್ತಿದ್ದ ಹೆಂಗಸು. ಡಬ್ಬಿಯಲ್ಲಿ ಪುಂಡಿಪಲ್ಯ, ಸಜ್ಜೆರೊಟ್ಟಿ ತಂದು ತಂಗಿಯ ತಲೆ ಬಾಚಿ, ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅವಳು ಆಗ ಮೆಥಡಿಸ್ಟ್ ಚರ್ಚನ್ನೂ ಬಿಟ್ಟು, ಬಾಡಿಗೆ ಹಾಲಿನಲ್ಲಿ ಸೇರುವ ಹೊಸ ಸಭೆಯೊಂದಕ್ಕೆ ಹೋಗುತ್ತಿದ್ದಳು. ಅಲ್ಲಿ ಗಿಟಾರಿತ್ತು, ಕಣ್ಣೀರಿತ್ತು, ಕಂಪ್ಯೂಟರ್ ಕಲಿಯುವ ಹುಡುಗರಿದ್ದರು. ದೇವರಿಗೂ ಮನುಷ್ಯರಿಗೂ ನಡುವೆ ಇರುವವನು ಯೇಸು ಒಬ್ಬನೇ, ಇನ್ನೊಬ್ಬರನ್ನು ನಿಲ್ಲಿಸಿದರೆ ಅವನಿಗೇ ಅವಮಾನ ಎಂದು ಆಯಿಗೆ ತಿಳಿಹೇಳುತ್ತಿದ್ದಳು. ನಗುನಗುತ್ತಲೇ ಚುಚ್ಚುತ್ತಿದ್ದಳು.

"ಸರ್ಕಾರಿ ಆಫೀಸ್‌ನಾಗ ಕೆಲಸ ಆಗಬೇಕಂದ್ರ ಪಹಚಾನ್ ಬೇಕು, ಗುರ್ತಿನವರು ಬೇಕು. ದೇವರ ಹಂತ್ಯಾಕನೂ ಪಹಚಾನ್ ಬೇಕೇನ್ರಿ, ಆಯೀ?"

ಆಯಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಪಹಚಾನ್ ಅಲ್ಲವ್ವಾ. ಬಳಗ."

ಸಂತರನ್ನು ನಾವು ದೇವರೆಂದು ಪೂಜಿಸುತ್ತೇವೆ ಎಂದು ದೊಡ್ಡವ್ವ ನಂಬಿದ್ದಳು. ನಮ್ಮ ಜೊತೆ ನೀವೂ ಬೇಡಿಕೊಳ್ಳಿ ಎಂದು ಅವರನ್ನು ಕರೆಯುತ್ತೇವೆ ಅಷ್ಟೇ, ಕೊಡುವವನು ದೇವರೊಬ್ಬನೇ ಎಂದು ಆಯಿ ಹೇಳಿದರೆ, ಹಾಗಾದರೆ ಆ ಗೊಂಬೆಗಳ ಮುಂದೆ ಮೊಣಕಾಲೂರುವುದು ಯಾಕೆ ಎಂದು ಕೇಳುತ್ತಿದ್ದಳು. ಅವಳ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ನಮ್ಮವರಲ್ಲೇ ಎಷ್ಟೋ ಜನ ಅಂತೋಣಿಯವರಿಗೆ ಹರಕೆ ಹೊತ್ತು, ದೇವರನ್ನು ಮರೆತೇ ಮನೆಗೆ ಹೋಗುತ್ತಾರೆ. ಆಯಿಗೂ ಅದು ಗೊತ್ತಿತ್ತು.

ಇನ್ನು ನೇರಳೆ ಬಟ್ಟೆಯ ಭಾನುವಾರ. ತಪಸ್ಸುಕಾಲದ ಕೊನೆಯ ಎರಡು ವಾರ ನಾವು ಸುರೂಪಗಳಿಗೆ ನೇರಳೆ ಬಟ್ಟೆ ಹೊದಿಸಿ ಮುಚ್ಚುತ್ತೇವೆ. ಕಣ್ಣೂ ಉಪವಾಸ ಇರಲಿ ಎಂದು ಆಯಿ ಹೇಳುತ್ತಿದ್ದಳು. ಪಾಸ್ಕದ ದಿನ ಬಟ್ಟೆ ತೆಗೆದಾಗ ಹಳೆಯ ಮಣ್ಣಿನ ಮುಖಗಳೇ ಹೊಸದಾಗಿ ಕಾಣುತ್ತವೆ. ಆ ವರ್ಷ ಆಯಿಗೆ ಸಿಕ್ಕಿದ್ದು ಯಾವುದೋ ಬ್ಲೌಸು ಹೊಲಿದು ಉಳಿದಿದ್ದ ನೇರಳೆ ತುಂಡು. ನನ್ನ ಲಂಗಕ್ಕೆ ಅಂಚು ಕೊಡಲೆಂದು ದೊಡ್ಡವ್ವನೇ ತಂದುಕೊಟ್ಟಿದ್ದು.

ಒಳಗೆ ಕಾಲಿಟ್ಟ ದೊಡ್ಡವ್ವ ಸುರೂಪಗಳಿದ್ದ ಗೋಡೆಯ ಗೂಡಿನ ಕಡೆ ನೋಡಿ ಅಲ್ಲೇ ನಿಂತಳು. ತನ್ನ ಬಟ್ಟೆ, ಅದರಡಿಯಲ್ಲಿ ಮುಚ್ಚಿಹೋದ ಸಂತರು. ಡಬ್ಬಿ ಕೆಳಗಿಟ್ಟು ಕೂತು ಅಳತೊಡಗಿದಳು. ಇಷ್ಟು ದಿನ ಉಪವಾಸವಿದ್ದು ಬೇಡಿದ್ದಕ್ಕೆ ಕರ್ತನು ಈ ಮನೆಯ ಕಣ್ಣು ತೆರೆಸಿದ ಎಂದು ಕೃತಜ್ಞತೆ ಹೇಳಿದಳು. ಎದ್ದು ಬಂದು ಆಯಿಯ ಎರಡೂ ಕೈ ಹಿಡಿದಳು. ದೊಡ್ಡವ್ವ ತಪ್ಪು ತಿಳಿದಳೆಂದು ಆಯಿಗೆ ಅರ್ಥವಾಯಿತು, ನನಗೆ ಗೊತ್ತು. ಆದರೆ ಬಿಸಿಲಾಗ ಬಂದೀಯವ್ವ, ನೀರು ಕುಡಿ ಎಂದಳು. ಸಂತೋಷದಿಂದ ಅಳುತ್ತಿರುವವರನ್ನು ತಡೆಯುವ ಮುದುಕಿ ಅವಳಲ್ಲ.

ತಡೆದವಳು ನಾನು. "ದೊಡ್ಡವ್ವ, ಅದು ಪಾಸ್ಕದ ತನಕ ಅಷ್ಟೇ. ಆಮ್ಯಾಲ ತೆಗಿತೀವಿ."

ದೊಡ್ಡವ್ವನ ಮುಖ ಹೇಗಾಯಿತೆಂದು ಬರೆಯಲಾರೆ, ನೆನಪಿಲ್ಲ. ನಮ್ಮ ಮನೆಯಲ್ಲಿ ಈ ಪ್ರಸಂಗವನ್ನು ಈಗ ನಗಲಿಕ್ಕೆ ಹೇಳುತ್ತಾರೆ, ಎಲ್ಲರೂ ನಕ್ಕರು ಎಂದೇ ಮುಗಿಸುತ್ತಾರೆ. ಯಾರೂ ನಗಲಿಲ್ಲ. ತನ್ನನ್ನು ಆಡಿಸಿದರು ಎಂದುಕೊಂಡಳು ದೊಡ್ಡವ್ವ. ಊಟ ಮಾಡಲಿಲ್ಲ. ಯಾವಾಗಲೂ ನಾಲ್ಕು ಗಂಟೆಯ ಬಸ್ಸಿಗೆ ಹೊರಡುವವಳು ಅವತ್ತು ಹೊರಡಲೂ ಇಲ್ಲ. ಸಂಜೆ ಜಪಸರಕ್ಕೆ ನಾವು ಕೂತಾಗ ಬಾಗಿಲ ಬಳಿ ಕೈಕಟ್ಟಿ ಕೂತಳು. ಹಾಗಾಗಿ ಅದುವರೆಗೆ ಅವಳು ಕೇಳಿರದ ಹೆಸರನ್ನು ಅವತ್ತು ಕೇಳಿದಳು.

ಆಯಿ ಸಾಲನ್ನು ಹೇಳುತ್ತ ಬಂದಳು. ಕೊನೆಯಲ್ಲಿ "ಪುಟ್ಟ ಚಿನ್ನಪ್ಪನೇ." ಎಲ್ಲರಿಗಿಂತ ಜೋರಾಗಿ ಉತ್ತರ ಕೊಟ್ಟವಳು ನಾನೇ.

ದೊಡ್ಡವ್ವ ಎದ್ದು ನಿಂತಳು. ದನಿ ಏರಿಸಲಿಲ್ಲ. "ಸತ್ತ ಕೂಸನ್ನ ಕರಿಯಾಕತ್ತೀರಿ. ಹೆತ್ತಾಕಿ ಮುಂದ."

ಸತ್ತವರನ್ನು ಕರೆಯುವುದು ದೇವರಿಗೆ ಅಸಹ್ಯ, ಅದು ಮಾಟದವರ ಕೆಲಸ ಎಂದಳು. "ಯೇಸಪ್ಪನ ತೊಡೀ ಮ್ಯಾಲ ಅದಾನ. ಆರಾಮ ಅದಾನ. ಅಲ್ಲೇ ಇರಲಿ ಬಿಡ್ರಿ, ಆಯೀ."

"ನಾನೂ ಅಲ್ಲೇ ಅದಾನಂತೀನಿ," ಎಂದಳು ಆಯಿ. "ತೊಡೀ ಮ್ಯಾಲ ಕುಂತಾಂವ ಒಂದು ಮಾತು ಹೇಳಬಾರದೇನವ್ವ?"

ಆಗ ಅವ್ವ ಮಾತಾಡಿದಳು. ಎಷ್ಟೋ ವಾರದಿಂದ ಬಳಸದ ದನಿ. "ಅವಂಗ ಮಾತೆಲ್ಲಿ ಬರ್ತಿತ್ತು, ಆಯೀ."

ಆಯಿ ಅವಳ ಕಡೆ ತಿರುಗಿ, ಇಷ್ಟು ಮೆತ್ತಗೆ ಆಯಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, "ಮಾತು ಯಾಕ ಬೇಕು? ಕೂಸು ಅತ್ತರ ಸಾಕಲ್ಲ. ಯೇಸಪ್ಪಗ ಕೇಳತೈತಿ," ಎಂದಳು.

"ಅವ ಅಳಲಿಲ್ಲ," ಎಂದಳು ಅವ್ವ. "ಒಮ್ಮೆನೂ ಅಳಲಿಲ್ಲ."

ಅಪ್ಪ ಜಪಸರದ ಮಣಿಗಳನ್ನು ಸುಮ್ಮನೆ ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುತ್ತಿದ್ದ. ಅವ್ವ ಎದ್ದು, ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು, ನಾ ಅಕ್ಕನ ಕೂಡ ಹೋಗ್ತೀನಿ ಎಂದಳು. ಅಪ್ಪ ಆಟೋ ಕರೆದುಕೊಂಡು ಬಂದ. ನನ್ನನ್ನು ಕರೆಯುತ್ತಾಳೆಂದು ಬಾಗಿಲಲ್ಲಿ ನಿಂತಿದ್ದೆ. ಕರೆಯಲಿಲ್ಲ.

ಮರುದಿನ ಸಂಜೆ ಆಯಿ ಸಂತ ಅನ್ನಮ್ಮನವರವರೆಗೆ ಬಂದು, ಅಲ್ಲಿಂದ ನೇರ ಕೊನೆಯ ಪ್ರಾರ್ಥನೆಗೆ ಹಾರಿದಳು. ನಾನು ಕಾದೆ. ಇಲ್ಲ. ಆಗ ನಾನೇ ಹೇಳಿದೆ: "ಪುಟ್ಟ ಚಿನ್ನಪ್ಪನೇ."

ಯಾರೂ ಉತ್ತರ ಕೊಡಲಿಲ್ಲ.

"ಸಾಕು, ಅನ್ನೀ," ಎಂದಳು ಆಯಿ. "ನಿಮ್ಮವ್ವಗ ನೋವಾಗತೈತಿ."

"ಅವ್ವ ಇಲ್ಲಿಲ್ಲ. ತಾರ್ನಾಕದಾಗ ಅದಾಳ. ನಿನ್ನೆ ಇದ್ದ ತಮ್ಮ ಇವತ್ತ ಅಲ್ಲಿಂದ ಎದ್ದು ಹೋದನೇನು?"

ಅಪ್ಪ ನನ್ನ ತಲೆಗೊಂದು ಮೊಟಕಿದ. ಆಯಿ ಹೆದರಿದ್ದಳೆಂದು ಆಗ ನನಗೆ ತಿಳಿಯಲಿಲ್ಲ. ಸೊಸೆ ವಾಪಸು ಬರದಿದ್ದರೆ? ದೇವರ ವಿಷಯದಲ್ಲಿ ಒಂದು ಹೆಜ್ಜೆಯೂ ಹಿಂದೆಗೆಯದ ಮುದುಕಿ ಸೊಸೆಗಾಗಿ ಮೊಮ್ಮಗನ ಹೆಸರನ್ನು ನುಂಗಿಕೊಂಡಳು. ಅದನ್ನು ಪ್ರೀತಿ ಅನ್ನಿ, ನಾನು ಬೇಡ ಅನ್ನುವುದಿಲ್ಲ. ಆದರೆ ನಾನು ನುಂಗಲಿಲ್ಲ. ಪ್ರತಿ ಸಂಜೆ ಅದೇ ಜಾಗದಲ್ಲಿ ಹೆಸರು ಹೇಳಿ, ಉತ್ತರವನ್ನೂ ನಾನೇ ಕೊಟ್ಟೆ. ಅವನನ್ನು ಬಿಟ್ಟರೆ ನನಗೆ ತಮ್ಮನೇ ಇರಲಿಲ್ಲ ಎಂದಾಗುತ್ತಿತ್ತು. ಅವನ ಫೋಟೋ ಇರಲಿಲ್ಲ, ಅವನದೊಂದು ಅಂಗಿ ಇರಲಿಲ್ಲ. ಕೂಗುವುದೊಂದೇ ಇತ್ತು.

ಪಾಸ್ಕದ ಹಿಂದಿನ ಸಂಜೆ ಗುಡಿಗೆ ಹೋದೆವು. ನಮ್ಮ ಚರ್ಚನ್ನು ನಾವು ಗುಡಿ ಎಂದೇ ಕರೆಯುವುದು. ಅಲ್ಲಿ ಎಲ್ಲ ತೆಲುಗಿನಲ್ಲಿ. ಕತ್ತಲಾದ ಕೂಡಲೇ ಬೆಂಕಿ ಹೊತ್ತಿಸಿ, ಎಲ್ಲರ ಕೈಗೆ ಮೇಣದಬತ್ತಿ ಕೊಟ್ಟರು. ಆ ಸಂಜೆ ಸಂತರ ಹೆಸರುಗಳ ಉದ್ದನೆಯ ಸಾಲನ್ನು ಹಾಡುತ್ತಾರೆ. ಹಾಡುವವನು ಒಂದು ಹೆಸರು ಎತ್ತುತ್ತಾನೆ, ಜನವೆಲ್ಲ "ಮಾ ಕೊರಕು ಪ್ರಾರ್ಥಿಂಚಂಡಿ" ಅನ್ನುತ್ತದೆ, ನಮಗಾಗಿ ಪ್ರಾರ್ಥಿಸಿರಿ ಎಂದು. ಹೆಸರು, ಉತ್ತರ, ಹೆಸರು, ಉತ್ತರ. ಹಾಡುವವನು ಒಂದು ಕಡೆ ಹಾಳೆ ತಿರುವಲು ನಿಂತ. ಆ ಸಂದಿನಲ್ಲಿ ನಾನು ಅವನದೇ ರಾಗದಲ್ಲಿ, ಇದ್ದಬದ್ದ ದನಿಯಲ್ಲಿ ಕೂಗಿದೆ: "ಪುಟ್ಟ ಚಿನ್ನಪ್ಪಾ!"

ಗುಡಿಗೆ ಗುಡಿಯೇ ಉತ್ತರ ಕೊಟ್ಟಿತು: "ಮಾ ಕೊರಕು ಪ್ರಾರ್ಥಿಂಚಂಡಿ."

ಹೀಗೆ ಹೇಳಲು ಇಷ್ಟ. ಬಹಳ ವರ್ಷ ಹೀಗೇ ಹೇಳಿದೆ. ಇಲ್ಲ, ಗುಡಿಗೆ ಗುಡಿಯೇ ಅಲ್ಲ. ನಮ್ಮ ಸಾಲಿನ ಕೆಲವು ತೆಲುಗು ಮುದುಕಿಯರು, ಅಭ್ಯಾಸಬಲದಿಂದ, ಯಾರ ಹೆಸರೆಂದು ಕೇಳಿಸಿಕೊಳ್ಳದೆ ಹೇಳಿರಬೇಕು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಪ್ಪ ನನ್ನ ರಟ್ಟೆ ಹಿಡಿದ. ಆಯಿ ಉತ್ತರ ಕೊಟ್ಟಳೋ ಇಲ್ಲವೋ ಎಂದು ನೋಡಲು ತಿರುಗಿದೆ. ಅವಳ ಮೇಣದಬತ್ತಿ ಆರಿತ್ತು, ಮುಖ ಕಾಣಲಿಲ್ಲ. ಬಳಗದವರು ಹೇಳುವ ಕತೆಯಲ್ಲಿ ಅವ್ವ ಆ ಸಂಜೆ ತಾರ್ನಾಕದಿಂದ ಬಂದು ಹಿಂದೆ ನಿಂತಿರುತ್ತಾಳೆ, ಮಗನ ಹೆಸರು ಕೇಳಿ ಬಾಯಿ ತೆರೆಯುತ್ತಾಳೆ. ಅದು ಚೆನ್ನಾದ ಕತೆ. ನಡೆಯಲಿಲ್ಲ.

ಅವ್ವ ಬಂದದ್ದು ಹಬ್ಬ ಕಳೆದು, ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ. ಮೈ ತುಂಬಿಕೊಂಡಿದ್ದಳು. ಮಾತಾಡುತ್ತಿದ್ದಳು. ದೊಡ್ಡವ್ವನ ಸಭೆಯ ಹೆಂಗಸರು ದಿನಾ ಅವಳ ಸುತ್ತ ಕೂತು, ತಲೆಯ ಮೇಲೆ ಕೈಯಿಟ್ಟು ನೇರ ದೇವರನ್ನೇ ಬೇಡಿದರಂತೆ, ಅವಳ ಜೊತೆ ಅತ್ತರಂತೆ. ಅವಳು ಅಲ್ಲಿ ಗುಣವಾದಳು. ಯಾವ ಸಂತರನ್ನೂ ಕರೆಯದೆ ಗುಣವಾದಳು. ನನ್ನ ಕಡೆಯವರಿಗೆ ಇದು ಹಿಡಿಸದಿರಬಹುದು, ಆದರೆ ಮುಚ್ಚಿಡಲಾರೆ. ಮುಂದೆ ಅವ್ವ ಅವರ ಸಭೆಗೇ ಸೇರಿದಳು. ಆಯಿ ತಡೆಯಲಿಲ್ಲ. ಸಂಜೆ ಒಂದೇ ಕೋಣೆಯಲ್ಲಿ ಅವ್ವ ಈ ಗೋಡೆಗೆ, ನಾವು ಆ ಗೋಡೆಗೆ.

ಬಂದ ದಿನ ನಾನು ಹೆಸರು ಕೂಗಿದಾಗ ಅವಳು ಒಂದೇ ಮಾತು ಕೇಳಿದಳು. "ಅವನ್ನ ಸುಮ್ಮನ ಮಲಗಾಕ ಬಿಡಬಾರದೇನ, ಅನ್ನಿ?"

"ಅವ ನಿದ್ದಿಯಾಗಿಲ್ಲ," ಎಂದೆ. ಅವ್ವ ನನ್ನ ಕೆನ್ನೆಗೆ ಹೊಡೆದಳು. ನಾನು ಮತ್ತೆ ಹೇಳಿದೆ. ಅವಳು ಮತ್ತೆ ಹೊಡೆಯಲಿಲ್ಲ.

ಆಯಿ ಈಗಿಲ್ಲ, ದೊಡ್ಡವ್ವನೂ ಇಲ್ಲ. ಅಪ್ಪನ ಶೆಡ್ಡಿದ್ದ ಜಾಗದಲ್ಲಿ ಕಾರು ತೊಳೆಯುತ್ತಾರೆ. ಅವ್ವ ನನ್ನ ಜೊತೆಗಿದ್ದಾಳೆ. ಆಕೆಯ ಬೈಬಲ್ ಆಕೆಯ ದಿಂಬಿನ ಬದಿಗೆ, ನನ್ನ ಜಪಸರ ನನ್ನ ದಿಂಬಿನ ಬದಿಗೆ. ಹಬ್ಬಕ್ಕೆ ಬಂದ ನೆಂಟರು, ಯಾರಾದರೇನು, ಎಲ್ಲರೂ ಹೋಗುವುದು ಒಂದೇ ಕಡೆಗೆ ಎಂದು ಹೇಳಿ ಕೇಕು ತಿಂದು ಹೋಗುತ್ತಾರೆ. ನನಗೆ ಆ ಮಾತು ಒಗ್ಗುವುದಿಲ್ಲ. ಆಯಿ ಹೇಳಿದ್ದೂ ದೊಡ್ಡವ್ವ ಹೇಳಿದ್ದೂ ಒಂದೇ ಆಗಿರಲಿಲ್ಲ. ಒಬ್ಬಳು ಸರಿಯಾಗಿದ್ದರೆ ಇನ್ನೊಬ್ಬಳು ತಪ್ಪು. ಅದು ಅವರಿಬ್ಬರಿಗೂ ಗೊತ್ತಿತ್ತು. ಅದಕ್ಕೇ ಒಬ್ಬಳು ಎರಡು ಬಸ್ಸು ಬದಲಿಸಿ ಡಬ್ಬಿ ಹೊತ್ತು ಜಗಳಕ್ಕೆ ಬರುತ್ತಿದ್ದಳು, ಇನ್ನೊಬ್ಬಳು ನೀರು ಕೊಟ್ಟು ಜಗಳಕ್ಕೆ ಕೂರುತ್ತಿದ್ದಳು. ನನ್ನ ಆತ್ಮ ಎಲ್ಲಿಗೆ ಹೋದೀತೆಂದು ಅಷ್ಟು ಸಂಕಟಪಡುವವರು ಈಗ ಯಾರಿದ್ದಾರೆ? ನನ್ನ ಗೂಡನ್ನು ನೋಡಿ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಗೊಂಬೆ ಅಂತ ಬೈಯುವವರೂ ಇಲ್ಲ.

ತಮ್ಮ ಕೇಳಿಸಿಕೊಳ್ಳುತ್ತಾನೆ ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ಬಿಲ್ಲೆ ಎಷ್ಟೋ ಸಲ ಗೆರೆ ದಾಟಿಯೇ ಹೋಗಿದೆ. ಅವನು ಕೇಳಿಸಿಕೊಳ್ಳುವುದಿಲ್ಲ ಎಂಬುದಕ್ಕೆ ದೊಡ್ಡವ್ವನ ಹತ್ತಿರವೂ ಸಾಕ್ಷಿ ಇರಲಿಲ್ಲ. ಅವನು ಅಳಲೇ ಇಲ್ಲ ಎಂಬ ಅವ್ವನ ಮಾತಿಗೆ ನಾನು ಇವತ್ತಿಗೂ ಉತ್ತರ ಹುಡುಕಿಲ್ಲ. ಅಳಲಾರದವನ ಪರವಾಗಿ ಯಾರಾದರೂ ದನಿ ಮಾಡಬೇಕಲ್ಲ, ಅಷ್ಟನ್ನು ಮಾಡುತ್ತೇನೆ. ಸಂಜೆ ಅವ್ವ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುವಾಗ ಸಾಲಿನ ಕೊನೆಗೆ ಬರುತ್ತೇನೆ. ಅವಳಿಗೆ ಕೇಳಿಸುತ್ತದೆಂದು ಗೊತ್ತು. ದನಿ ತಗ್ಗಿಸುವುದಿಲ್ಲ.